ಐದು ವಿಶ್ವಕಪ್, ದಕ್ಕದ ಐದನೇ ಪಂದ್ಯ: ಆಂಡ್ರೆಸ್ ಗ್ವಾರ್ದಾದೊ ವೃತ್ತಿಜೀವನ

ಮೆಕ್ಸಿಕೊ ರಾಷ್ಟ್ರೀಯ ಫುಟ್‌ಬಾಲ್ ತಂಡದ ಪರ ಅತಿ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದ ಆಟಗಾರ ಆಂಡ್ರೆಸ್ ಗ್ವಾರ್ದಾದೊ. 2005ರ ಡಿಸೆಂಬರ್‌ನಲ್ಲಿ ಮೊದಲ ಸಲ ದೇಶದ ಪೋಷಾಕು ತೊಟ್ಟ ಈ ಎಡಗಾಲಿನ ಮಿಡ್‌ಫೀಲ್ಡರ್, 2024ರ ಅಕ್ಟೋಬರ್‌ನಲ್ಲಿ ಕೊನೆಯ ಸಲ ಅದನ್ನು ಧರಿಸುವ ಹೊತ್ತಿಗೆ ಸುಮಾರು 180 ಪಂದ್ಯಗಳನ್ನಾಡಿ 28 ಗೋಲುಗಳನ್ನು ಗಳಿಸಿದ್ದರು. 2006, 2010, 2014, 2018 ಮತ್ತು 2022, ಹೀಗೆ ಸತತ ಐದು ವಿಶ್ವಕಪ್‌ಗಳ ಅಂಗಳಕ್ಕಿಳಿದ ಬೆರಳೆಣಿಕೆಯ ಆಟಗಾರರಲ್ಲಿ ಅವರೂ ಒಬ್ಬರು. ಆದರೆ ಈ ಐದು ಟೂರ್ನಿಗಳ ಪೈಕಿ ಒಂದರಲ್ಲೂ ಅವರ ತಂಡ ಐದನೇ ಪಂದ್ಯವನ್ನು ಆಡಲಿಲ್ಲ. ದಾಖಲೆಗಳ ಪುಟದಲ್ಲಿ ಎಲ್ಲರಿಗಿಂತ ಮುಂದಿರುವ ಆಟಗಾರನ ಬದುಕಿನಲ್ಲಿ ಉಳಿದುಹೋದ ಕೊರತೆ ಇದು. ಅವರ ವೃತ್ತಿಜೀವನವನ್ನು ತೂಗುವಾಗ ಈ ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಒಂದು ದೇಶದ ಹಂಬಲ

'ಐದನೇ ಪಂದ್ಯ' ಎಂಬುದು ಮೆಕ್ಸಿಕೊದಲ್ಲಿ ಬರೀ ಲೆಕ್ಕದ ಮಾತಲ್ಲ. 32 ತಂಡಗಳ ವಿಶ್ವಕಪ್‌ನಲ್ಲಿ ಗುಂಪಿನ ಹಂತದ ಮೂರು ಪಂದ್ಯಗಳ ಬಳಿಕ ಪ್ರೀಕ್ವಾರ್ಟರ್ ಫೈನಲ್ ನಾಲ್ಕನೆಯದು, ಕ್ವಾರ್ಟರ್ ಫೈನಲ್ ಐದನೆಯದು. ಮೆಕ್ಸಿಕೊ 1994ರಿಂದ 2018ರವರೆಗೆ ಸತತ ಏಳು ವಿಶ್ವಕಪ್‌ಗಳಲ್ಲಿ ನಾಲ್ಕನೇ ಪಂದ್ಯ ತಲುಪಿತು. ಏಳು ಸಲವೂ ಅಲ್ಲೇ ಸೋತಿತು. ಗೆದ್ದವರು ಕ್ರಮವಾಗಿ ಬಲ್ಗೇರಿಯಾ, ಜರ್ಮನಿ, ಅಮೆರಿಕ, ಅರ್ಜೆಂಟೀನಾ, ಮತ್ತೆ ಅರ್ಜೆಂಟೀನಾ, ನೆದರ್ಲೆಂಡ್ಸ್ ಹಾಗೂ ಬ್ರೆಜಿಲ್.

ಆ ಅವಧಿಗೆ ಮುನ್ನ ಮೆಕ್ಸಿಕೊ ಐದನೇ ಪಂದ್ಯವನ್ನು ಆಡಿದ್ದು ಒಂದೇ ಸಲ, 1986ರಲ್ಲಿ, ಅದೂ ತವರಿನಲ್ಲಿ. 1970ರಲ್ಲೂ ತಂಡ ಕ್ವಾರ್ಟರ್ ಫೈನಲ್ ತಲುಪಿತ್ತಾದರೂ, 16 ತಂಡಗಳ ಆ ಟೂರ್ನಿಯಲ್ಲಿ ಅದು ನಾಲ್ಕನೇ ಪಂದ್ಯವಾಗಿತ್ತು. 1986ರ ಜೂನ್ 21ರಂದು ಮಾಂಟೆರೇ ನಗರದಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧದ ಪಂದ್ಯ ಹೆಚ್ಚುವರಿ ಅವಧಿಯ ನಂತರವೂ ಗೋಲಿಲ್ಲದೆ ಮುಗಿಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಆತಿಥೇಯರು 1-4ರಿಂದ ಸೋತರು. ಹೆಚ್ಚುವರಿ ಅವಧಿಯಲ್ಲಿ ಕೆಂಪು ಕಾರ್ಡ್ ಪಡೆದು ಹೊರನಡೆದ ಮೆಕ್ಸಿಕೊ ಮಿಡ್‌ಫೀಲ್ಡರ್ ಹೆಸರು ಹವಿಯರ್ ಅಗಿರೆ. ಈ ಹೆಸರು ಮುಂದೆ ಎರಡು ಬಾರಿ ಎದುರಾಗಲಿದೆ.

ಆ ಪಂದ್ಯ ನಡೆದು ಮೂರು ತಿಂಗಳು ಕಳೆದ ಮೇಲೆ, 1986ರ ಸೆಪ್ಟೆಂಬರ್ 28ರಂದು ಗ್ವಾದಲಹಾರಾ ನಗರದಲ್ಲಿ ಹೊಸೆ ಆಂಡ್ರೆಸ್ ಗ್ವಾರ್ದಾದೊ ಹೆರ್ನಾಂಡೆಸ್ ಜನಿಸಿದರು.

ಅಟ್ಲಾಸ್‌ನಿಂದ ಲೈಪ್‌ಜಿಗ್‌ವರೆಗೆ

ಗ್ವಾದಲಹಾರಾ ಮೆಕ್ಸಿಕೊದ ಎರಡು ಹಳೆಯ ಕ್ಲಬ್‌ಗಳ ಊರು. ಒಂದು, ಪ್ರಶಸ್ತಿಗಳಿಗೆ ಹೆಸರಾದ ಗ್ವಾದಲಹಾರಾ ಕ್ಲಬ್. ಇನ್ನೊಂದು, 1951ರಲ್ಲಿ ಒಮ್ಮೆ ಲೀಗ್ ಗೆದ್ದು ಬಳಿಕ ಏಳು ದಶಕ ಬರಿಗೈಯಲ್ಲಿ ಕಾದ ಅಟ್ಲಾಸ್. ಗ್ವಾರ್ದಾದೊ ಬೆಳೆದದ್ದು ಎರಡನೆಯದರಲ್ಲಿ. ಪ್ರಶಸ್ತಿ ಗೆಲ್ಲದಿದ್ದರೂ ಒಳ್ಳೆಯ ಆಟಗಾರರನ್ನು ಬೆಳೆಸುವುದರಲ್ಲಿ ಅಟ್ಲಾಸ್‌ಗೆ ದೊಡ್ಡ ಹೆಸರಿದೆ. ಐದು ವಿಶ್ವಕಪ್‌ಗಳಲ್ಲಿ ಮೆಕ್ಸಿಕೊ ನಾಯಕನಾಗಿದ್ದ ರಫೇಲ್ ಮಾರ್ಕೆಸ್ ಕೂಡ ಅದೇ ಗರಡಿಯವರು.

2005ರ ಆಗಸ್ಟ್‌ನಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗ್ವಾರ್ದಾದೊ ಅಟ್ಲಾಸ್‌ನ ಹಿರಿಯರ ತಂಡದಲ್ಲಿ ಕಾಣಿಸಿಕೊಂಡರು. ಗಿಡ್ಡ ಆಕೃತಿ, ಚುರುಕು ಓಟ, ಎಡ ಅಂಚಿನಿಂದ ಚೆಂಡನ್ನು ನಿಖರವಾಗಿ ಗೋಲಿನ ಮುಂದಕ್ಕೆ ತೇಲಿಬಿಡುವ ಎಡಗಾಲು ಅವರ ಬಂಡವಾಳವಾಗಿತ್ತು. 'ಪುಟ್ಟ ರಾಜಕುಮಾರ' ಎಂಬ ಅರ್ಥದ 'ಪ್ರಿನ್ಸಿಪಿತೊ' ಎಂಬ ಅಡ್ಡಹೆಸರು ಅವರಿಗೆ ಅಂಟಿಕೊಂಡಿತು. ನಾಲ್ಕೇ ತಿಂಗಳಲ್ಲಿ, ಡಿಸೆಂಬರ್ 14ರಂದು ಹಂಗೆರಿ ವಿರುದ್ಧದ ಸ್ನೇಹಪಂದ್ಯದಲ್ಲಿ ರಾಷ್ಟ್ರೀಯ ತಂಡದ ಬಾಗಿಲು ತೆರೆಯಿತು. ಆಗಿನ ಕೋಚ್, ಅರ್ಜೆಂಟೀನಾ ಮೂಲದ ರಿಕಾರ್ಡೊ ಲಾ ವೋಲ್ಪೆ, ಈ ಹುಡುಗನನ್ನು 2006ರ ಜರ್ಮನಿ ವಿಶ್ವಕಪ್ ತಂಡಕ್ಕೂ ಸೇರಿಸಿಕೊಂಡರು.

ಗುಂಪಿನ ಮೂರು ಪಂದ್ಯಗಳಲ್ಲಿ ಗ್ವಾರ್ದಾದೊಗೆ ಅವಕಾಶ ಸಿಗಲಿಲ್ಲ. ಜೂನ್ 24ರಂದು ಲೈಪ್‌ಜಿಗ್‌ನಲ್ಲಿ ಅರ್ಜೆಂಟೀನಾ ವಿರುದ್ಧದ ಪ್ರೀಕ್ವಾರ್ಟರ್ ಫೈನಲ್‌ಗೆ ಮಾತ್ರ ಲಾ ವೋಲ್ಪೆ ಅವರನ್ನು ನೇರವಾಗಿ ಮೊದಲ ಹನ್ನೊಂದರಲ್ಲೇ ನಿಲ್ಲಿಸಿದರು. ವಿಶ್ವಕಪ್ ಎಂಬುದರ ಮೊದಲ ರುಚಿಯೇ ಆ ನಾಲ್ಕನೇ ಪಂದ್ಯ. ಹತ್ತೊಂಬತ್ತರ ಹುಡುಗ ಅಳುಕಲಿಲ್ಲ. ದ್ವಿತೀಯಾರ್ಧದಲ್ಲಿ ಅವರನ್ನು ಹಿಂದಕ್ಕೆ ಕರೆಸಿಕೊಂಡಾಗ ಪಂದ್ಯ 1-1ರ ಸಮಬಲದಲ್ಲಿತ್ತು. ಹೆಚ್ಚುವರಿ ಅವಧಿಯ 98ನೇ ನಿಮಿಷದಲ್ಲಿ ಅರ್ಜೆಂಟೀನಾದ ಮ್ಯಾಕ್ಸಿ ರೊಡ್ರಿಗಸ್ ಚೆಂಡನ್ನು ಎದೆಯಲ್ಲಿ ತಡೆದು, ನೆಲಕ್ಕೆ ಬೀಳುವ ಮೊದಲೇ ಎಡಗಾಲಿನಿಂದ ಹೊಡೆದರು. ಪೆಟ್ಟಿಗೆಯ ಹೊರಗಿನಿಂದ ಹಾರಿದ ಚೆಂಡು ಗೋಲಿನ ದೂರದ ಮೂಲೆಗೆ ನುಗ್ಗಿತು. ಮೆಕ್ಸಿಕೊ ಮನೆಗೆ ಮರಳಿತು.

ಲಾ ಕೊರೂನಾದ ಏಳುಬೀಳು

2007ರಲ್ಲಿ ವೆನೆಜುವೆಲಾದಲ್ಲಿ ನಡೆದ ಕೋಪಾ ಅಮೆರಿಕ ಟೂರ್ನಿಯಲ್ಲಿ ಮೆಕ್ಸಿಕೊ ಮೂರನೇ ಸ್ಥಾನ ಪಡೆಯಿತು. ಆ ಸ್ಥಾನಕ್ಕಾಗಿ ಉರುಗ್ವೆ ವಿರುದ್ಧ ನಡೆದ ಪಂದ್ಯವನ್ನು ತಂಡ 3-1ರಿಂದ ಗೆದ್ದಾಗ ಒಂದು ಗೋಲು ಗ್ವಾರ್ದಾದೊ ಅವರದು. ಅದೇ ಬೇಸಿಗೆಯಲ್ಲಿ ಸ್ಪೇನ್‌ನ ಡೆಪೋರ್ಟಿವೊ ಲಾ ಕೊರೂನಾ ಅವರನ್ನು ಸುಮಾರು 70 ಲಕ್ಷ ಯೂರೊ ತೆತ್ತು ಕರೆಸಿಕೊಂಡಿತು.

2000ದಲ್ಲಿ ಸ್ಪೇನ್ ಲೀಗ್ ಗೆದ್ದು ಮೆರೆದಿದ್ದ ಡೆಪೋರ್ಟಿವೊ ಆ ಹೊತ್ತಿಗೆ ಇಳಿಮುಖವಾಗಿತ್ತು. ಐದು ವರ್ಷ ಅಲ್ಲಿದ್ದ ಗ್ವಾರ್ದಾದೊ, ಗಾಯಗಳಿಂದ ಆಗಾಗ ಹೊರಗುಳಿದರೂ, ತಂಡದ ಮುಖ್ಯ ಆಟಗಾರನಾಗಿ ಬೆಳೆದರು. 2011ರಲ್ಲಿ ಕ್ಲಬ್ ಎರಡು ದಶಕಗಳ ಬಳಿಕ ಎರಡನೇ ದರ್ಜೆಗೆ ಕುಸಿಯಿತು. ಹೆಸರು ಮಾಡಿದ ಆಟಗಾರರು ಇಂಥ ಸಮಯದಲ್ಲಿ ಬೇರೆ ದಾರಿ ಹುಡುಕುವುದು ವಾಡಿಕೆ. ಗ್ವಾರ್ದಾದೊ ಉಳಿದರು. 2011-12ರ ಋತುವಿನಲ್ಲಿ 11 ಗೋಲು ಗಳಿಸಿ, ಸಹ ಆಟಗಾರರಿಗೂ ಧಾರಾಳವಾಗಿ ಅವಕಾಶಗಳನ್ನು ಒದಗಿಸಿಕೊಟ್ಟರು. ಎರಡನೇ ದರ್ಜೆಯ ಅಗ್ರಸ್ಥಾನದೊಂದಿಗೆ ಕ್ಲಬ್ ಒಂದೇ ವರ್ಷದಲ್ಲಿ ಮೇಲಕ್ಕೆ ಮರಳಿತು. ಆ ಬಳಿಕವಷ್ಟೇ ಅವರು ಕ್ಲಬ್ ತೊರೆದದ್ದು.

ಮುಂದಿನ ನಿಲ್ದಾಣ ವೆಲೆನ್ಸಿಯಾ. ಹೆಸರಿಗೆ ದೊಡ್ಡ ಕ್ಲಬ್. ಆದರೆ ಅಲ್ಲಿ ಗ್ವಾರ್ದಾದೊ ಅವರನ್ನು ಹೆಚ್ಚಾಗಿ ಬಳಸಿಕೊಂಡದ್ದು ಎಡ ರಕ್ಷಣಾ ಆಟಗಾರನಾಗಿ. ತನ್ನದಲ್ಲದ ಜಾಗದಲ್ಲಿ ಆಡುತ್ತ ಎರಡನೇ ವರ್ಷ ಅವಕಾಶಗಳೂ ಕಡಿಮೆಯಾದವು. 2014ರ ಜನವರಿಯಲ್ಲಿ ಎರವಲು ಆಟಗಾರನಾಗಿ ಜರ್ಮನಿಯ ಬೇಯರ್ ಲೆವರ್‌ಕುಸೆನ್‌ಗೆ ಹೋದರೆ ಅಲ್ಲೂ ಬೆರಳೆಣಿಕೆಯ ಪಂದ್ಯಗಳು. ಇಪ್ಪತ್ತೇಳರ ವಯಸ್ಸಿನಲ್ಲಿ ಯೂರೋಪಿನ ಬದುಕು ಮುಗಿಯಿತೇನೊ ಎಂಬಂಥ ಸ್ಥಿತಿ.

ಐಂಡ್‌ಹೋವನ್‌ನ ಮರುಹುಟ್ಟು

2014ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್‌ನ ಪಿಎಸ್‌ವಿ ಐಂಡ್‌ಹೋವನ್ ಅವರನ್ನು ಎರವಲಾಗಿ ಪಡೆಯಿತು. ಕೋಚ್ ಫಿಲಿಪ್ ಕೋಕು ತಮ್ಮ ಕಾಲದಲ್ಲಿ ಹಲವು ಜಾಗಗಳಲ್ಲಿ ಆಡಿದ ಮಿಡ್‌ಫೀಲ್ಡರ್. ಅವರು ಗ್ವಾರ್ದಾದೊ ಅವರನ್ನು ಅಂಚಿನಿಂದ ಎಬ್ಬಿಸಿ ಮೈದಾನದ ನಡುವೆ ತಂದು ನಿಲ್ಲಿಸಿದರು. ವೃತ್ತಿಜೀವನದ ದಿಕ್ಕನ್ನೇ ಬದಲಿಸಿದ ತೀರ್ಮಾನವಿದು.

ಅಂಚಿನ ಆಟಗಾರನ ಬಲ ಓಟ. ವಯಸ್ಸಾದಂತೆ ಅದು ಕುಗ್ಗುತ್ತದೆ. ನಡುವಣ ಆಟಗಾರನ ಬಲ ನೋಟ. ರಕ್ಷಣೆಯಿಂದ ಚೆಂಡು ಪಡೆಯುವ ಮೊದಲೇ ಅದನ್ನು ಎತ್ತ ಕಳುಹಿಸಬೇಕೆಂದು ತಿಳಿದಿರಬೇಕು, ಎದುರಾಳಿ ಯಾವ ಖಾಲಿ ಜಾಗಕ್ಕೆ ನುಗ್ಗುತ್ತಾನೆಂದು ಮುಂಚೆಯೇ ಅಂದಾಜಿಸಬೇಕು. ಡೆಪೋರ್ಟಿವೊದಲ್ಲಿ ದಾಳಿಕಾರನಾಗಿ, ವೆಲೆನ್ಸಿಯಾದಲ್ಲಿ ರಕ್ಷಕನಾಗಿ ಕಲಿತದ್ದೆಲ್ಲವೂ ಇಲ್ಲಿ ಒಟ್ಟಿಗೆ ಕೆಲಸಕ್ಕೆ ಬಂತು. ಹಿಂದಿನ ಎರಡು ವರ್ಷಗಳ ಅವಮಾನವೇ ಒಂದು ಬಗೆಯ ಶಿಕ್ಷಣವಾಗಿತ್ತು.

ಮೆಂಫಿಸ್ ಡಿಪೈ, ಜಾರ್ಜಿನಿಯೊ ವೈನಾಲ್ಡಮ್ ಅವರಂಥ ಎಳೆಯರಿದ್ದ ಆ ತಂಡದಲ್ಲಿ ಗ್ವಾರ್ದಾದೊ ಹಿರಿಯಣ್ಣನಾದರು. 2014-15ರಲ್ಲಿ ಪಿಎಸ್‌ವಿ ಏಳು ವರ್ಷಗಳ ಬಳಿಕ ಡಚ್ ಲೀಗ್ ಗೆದ್ದಿತು. ಕ್ಲಬ್ ಅವರನ್ನು ಕಾಯಂ ಆಗಿ ಉಳಿಸಿಕೊಂಡಿತು. 2015-16ರ ಕೊನೆಯ ದಿನ ಅಯಾಕ್ಸ್ ಮತ್ತು ಪಿಎಸ್‌ವಿ ಸಮಾನ ಅಂಕಗಳೊಂದಿಗೆ ಅಂಗಳಕ್ಕಿಳಿದಿದ್ದವು; ಗೋಲಿನ ಅಂತರದಲ್ಲಿ ಅಯಾಕ್ಸ್ ಮುಂದಿತ್ತು. ಅದು ಡಿ ಗ್ರಾಫ್‌ಸ್ಕಾಪ್ ವಿರುದ್ಧ ಡ್ರಾ ಮಾಡಿಕೊಂಡರೆ, ಪಿಎಸ್‌ವಿ ಜ್ವೊಲೆ ತಂಡವನ್ನು 3-1ರಿಂದ ಮಣಿಸಿ ಕಿರೀಟ ಉಳಿಸಿಕೊಂಡಿತು. ಅದೇ ವರ್ಷ ಚಾಂಪಿಯನ್ಸ್ ಲೀಗ್‌ನ ಪ್ರೀಕ್ವಾರ್ಟರ್ ಫೈನಲ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧದ ಎರಡೂ ಪಂದ್ಯಗಳು ಗೋಲಿಲ್ಲದೆ ಮುಗಿದು, ಪಿಎಸ್‌ವಿ ಶೂಟೌಟ್‌ನಲ್ಲಿ 7-8ರಿಂದ ಸೋತಿತು.

ಸೀಟಿ ಕಸಿದುಕೊಂಡ ಎರಡು ಪಂದ್ಯಗಳು

ಕ್ಲಬ್‌ಗಳ ಕಥೆ ಹೀಗೆ ಸಾಗುತ್ತಿದ್ದಾಗ ರಾಷ್ಟ್ರೀಯ ತಂಡದ ಕಥೆ ಬೇರೆಯದೇ ದಾರಿ ಹಿಡಿದಿತ್ತು. 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ನಲ್ಲಿ ಮೆಕ್ಸಿಕೊ ಕೋಚ್ ಆಗಿದ್ದವರು 1986ರ ಆ ಕೆಂಪು ಕಾರ್ಡ್‌ನ ಹವಿಯರ್ ಅಗಿರೆ. ಉದ್ಘಾಟನಾ ಪಂದ್ಯದಲ್ಲಿ ಆತಿಥೇಯರು ಮುಂದಿದ್ದಾಗ ಬದಲಿ ಆಟಗಾರನಾಗಿ ಬಂದ ಗ್ವಾರ್ದಾದೊ, ಎಡಗಡೆಯಿಂದ ಕಳುಹಿಸಿದ ಚೆಂಡನ್ನು ಮಾರ್ಕೆಸ್ ಗೋಲಾಗಿಸಿ 1-1 ಮಾಡಿದರು. ಮತ್ತೆ ಪ್ರೀಕ್ವಾರ್ಟರ್ ಫೈನಲ್, ಮತ್ತೆ ಅರ್ಜೆಂಟೀನಾ.

ಜೂನ್ 27ರಂದು ಜೊಹಾನ್ಸ್‌ಬರ್ಗ್‌ನ ಸಾಕರ್ ಸಿಟಿಯಲ್ಲಿ ಮೆಕ್ಸಿಕೊ ಚೆನ್ನಾಗಿಯೇ ಆರಂಭಿಸಿತು. 26ನೇ ನಿಮಿಷದಲ್ಲಿ ಕಾರ್ಲೋಸ್ ಟೆವೆಜ್ ತಲೆಯಿಂದ ಗೋಲು ಹೊಡೆದಾಗ ಅವರು ಸ್ಪಷ್ಟವಾಗಿ ಆಫ್‌ಸೈಡ್‌ನಲ್ಲಿದ್ದರು. ಕ್ರೀಡಾಂಗಣದ ದೊಡ್ಡ ಪರದೆಯಲ್ಲಿ ಮರುಪ್ರಸಾರವಾದ ದೃಶ್ಯದಲ್ಲಿ ಅದು ಎಲ್ಲರಿಗೂ ಕಂಡಿತು. ಆಟಗಾರರು ಇಟಲಿಯ ರೆಫರಿ ರಾಬರ್ಟೊ ರೊಸೆಟ್ಟಿ ಅವರನ್ನು ಸುತ್ತುವರಿದರು. ಆದರೆ ಆಗಿನ ನಿಯಮದಂತೆ ಪರದೆಯನ್ನು ನೋಡಿ ತೀರ್ಪು ಬದಲಿಸುವಂತಿರಲಿಲ್ಲ. ಗೋಲು ಉಳಿಯಿತು. ಕೆಲವೇ ನಿಮಿಷಗಳಲ್ಲಿ ಎರಡನೇ ಗೋಲೂ ಬಿತ್ತು. ಅಂತಿಮ ಫಲಿತಾಂಶ 1-3. ಫಿಫಾ ಅಧ್ಯಕ್ಷರಾಗಿದ್ದ ಸೆಪ್ ಬ್ಲಾಟರ್ ಬಳಿಕ ಮೆಕ್ಸಿಕೊದ ಕ್ಷಮೆ ಕೇಳಿದರು. ಕ್ಷಮೆಯಿಂದ ಪಂದ್ಯವೇನೂ ಮರಳಿ ಬರಲಿಲ್ಲ.

2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ ವಿರುದ್ಧ ರೆಸಿಫೆಯಲ್ಲಿ ನಡೆದ 3-1ರ ಗೆಲುವಿನಲ್ಲಿ ಗ್ವಾರ್ದಾದೊ ಒಂದು ಗೋಲು ಹೊಡೆದರು. ಐದು ವಿಶ್ವಕಪ್‌ಗಳಲ್ಲಿ ಅವರ ಏಕೈಕ ಗೋಲು ಇದು. ಜೂನ್ 29ರಂದು ಫೋರ್ಟಲೇಸಾದ ಸುಡುಬಿಸಿಲಿನಲ್ಲಿ ನೆದರ್ಲೆಂಡ್ಸ್ ವಿರುದ್ಧ ಮೆಕ್ಸಿಕೊ 87 ನಿಮಿಷಗಳವರೆಗೂ 1-0ರ ಮುನ್ನಡೆಯಲ್ಲಿತ್ತು. ಐದನೇ ಪಂದ್ಯ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. 88ನೇ ನಿಮಿಷದಲ್ಲಿ ವೆಸ್ಲಿ ಸ್ನೈಡರ್ ಸಮ ಮಾಡಿದರು. ಹೆಚ್ಚುವರಿಯಾಗಿ ಸೇರಿಸಿದ ನಿಮಿಷಗಳಲ್ಲಿ ಮಾರ್ಕೆಸ್ ಕಾಲಿಗೆ ತಾಗಿ ಆರ್ಯನ್ ರಾಬನ್ ಬಿದ್ದರು. ಪೋರ್ಚುಗಲ್‌ನ ರೆಫರಿ ಪೆನಾಲ್ಟಿ ನೀಡಿದರು. ಕ್ಲಾಸ್ ಯಾನ್ ಹಂಟೆಲಾರ್ ಗುರಿ ತಪ್ಪಲಿಲ್ಲ. 'ಅದು ಪೆನಾಲ್ಟಿ ಆಗಿರಲಿಲ್ಲ' ಎಂಬ ಮಾತು ಮೆಕ್ಸಿಕೊದಲ್ಲಿ ಗಾದೆಯಂತೆ ಬಳಕೆಗೆ ಬಂದುಬಿಟ್ಟಿತು.

ಸೀಟಿ ಕೊಟ್ಟ ಒಂದು ಪಂದ್ಯ

ಮರುವರ್ಷ, 2015ರ ಜುಲೈನಲ್ಲಿ, ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ರಾಷ್ಟ್ರಗಳ ಗೋಲ್ಡ್ ಕಪ್ ಟೂರ್ನಿ ನಡೆಯಿತು. ಗ್ವಾರ್ದಾದೊ ಮೆಕ್ಸಿಕೊ ನಾಯಕ. ಕ್ವಾರ್ಟರ್ ಫೈನಲ್‌ನಲ್ಲಿ ಕೋಸ್ಟರಿಕಾ ವಿರುದ್ಧ ಹೆಚ್ಚುವರಿ ಅವಧಿಯ ಕೊನೆಯ ಗಳಿಗೆಯಲ್ಲಿ ದೊರೆತ ವಿವಾದಾತ್ಮಕ ಪೆನಾಲ್ಟಿಯನ್ನು ಅವರು ಗೋಲಾಗಿಸಿ ತಂಡವನ್ನು ದಾಟಿಸಿದ್ದರು. ಜುಲೈ 22ರಂದು ಅಟ್ಲಾಂಟಾದಲ್ಲಿ ಸೆಮಿಫೈನಲ್, ಎದುರಾಳಿ ಪನಾಮ.

ಪನಾಮದ ಲೂಯಿಸ್ ತೆಹಾದಾ 25ನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದರು. ಹತ್ತೇ ಜನರಿದ್ದ ತಂಡ ದ್ವಿತೀಯಾರ್ಧದಲ್ಲಿ ರೊಮಾನ್ ಟೊರೆಸ್ ಅವರ ಗೋಲಿನಿಂದ ಮುನ್ನಡೆಯಿತು. ಪಂದ್ಯ ಮುಗಿಯುವ ಹಂತದಲ್ಲಿ ಅದೇ ಟೊರೆಸ್ ಪೆಟ್ಟಿಗೆಯೊಳಗೆ ಬಿದ್ದಾಗ ಚೆಂಡು ಅವರ ತೋಳಿನ ಬಳಿ ಸಿಲುಕಿತು. ಅಮೆರಿಕದ ರೆಫರಿ ಮಾರ್ಕ್ ಗೈಗರ್ ಕೈ ತಾಗಿದೆಯೆಂದು ಪೆನಾಲ್ಟಿ ನೀಡಿದರು. ಪನಾಮದ ಆಟಗಾರರು ಸಿಡಿದೆದ್ದರು. ಆಟ ಸುಮಾರು ಹತ್ತು ನಿಮಿಷ ನಿಂತುಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಈ ವಲಯದ ಫುಟ್‌ಬಾಲ್ ಮುಖ್ಯಸ್ಥರ ಬಂಧನವಾಗಿತ್ತು. ಹಾಗಾಗಿ ಪನಾಮದವರ ಸಿಟ್ಟಿನ ಹಿಂದೆ ಬರೀ ಒಂದು ಸೀಟಿಯಷ್ಟೇ ಇರಲಿಲ್ಲ.

ಅಷ್ಟೂ ಹೊತ್ತು ಪೆನಾಲ್ಟಿ ಹೊಡೆಯಬೇಕಾಗಿದ್ದ ಗ್ವಾರ್ದಾದೊ ಕಾಯುತ್ತಿದ್ದರು. ಉದ್ದೇಶಪೂರ್ವಕವಾಗಿ ಗುರಿ ತಪ್ಪಿಸಿಬಿಡಲೇ ಎಂಬ ಯೋಚನೆ ತಮ್ಮ ತಲೆಯಲ್ಲಿ ಹಾದುಹೋಗಿತ್ತೆಂದು ಪಂದ್ಯದ ಬಳಿಕ ಅವರೇ ಒಪ್ಪಿಕೊಂಡರು. ಆದರೆ ತಾನೊಬ್ಬ ವೃತ್ತಿಪರ ಆಟಗಾರ, ತಂಡಕ್ಕಾಗಿ ಅದನ್ನು ಹೊಡೆಯಲೇಬೇಕಿತ್ತು ಎಂದೂ ಹೇಳಿದರು. ಚೆಂಡು ಗೋಲು ಸೇರಿತು. ಅವರು ಸಂಭ್ರಮಿಸಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಮತ್ತೊಂದು ಪೆನಾಲ್ಟಿ. ಅದನ್ನೂ ಅವರೇ ಹೊಡೆದರು. ಮೆಕ್ಸಿಕೊ 2-1ರಿಂದ ಗೆದ್ದಿತು. ರೆಫರಿಯ ತೀರ್ಪುಗಳಲ್ಲಿ ಲೋಪವಾಗಿತ್ತೆಂದು ವಲಯದ ಆಡಳಿತ ಮಂಡಳಿ ಬಳಿಕ ಒಪ್ಪಿಕೊಂಡಿತು.

ಜುಲೈ 26ರಂದು ಫಿಲಡೆಲ್ಫಿಯಾದಲ್ಲಿ ನಡೆದ ಫೈನಲ್‌ನಲ್ಲಿ ಮೆಕ್ಸಿಕೊ ಜಮೈಕಾವನ್ನು 3-1ರಿಂದ ಸೋಲಿಸಿತು. ಮೊದಲ ಗೋಲು ನಾಯಕನದೇ. ಆರು ಗೋಲು ಗಳಿಸಿದ ಗ್ವಾರ್ದಾದೊ ಟೂರ್ನಿಯ ಶ್ರೇಷ್ಠ ಆಟಗಾರನೆನಿಸಿದರು. ಆದರೂ ಆ ಕಪ್‌ನ ಮಾತು ಬಂದಾಗಲೆಲ್ಲ ಅಟ್ಲಾಂಟಾದ ಆ ಹತ್ತು ನಿಮಿಷಗಳ ಮಾತೂ ಬರುತ್ತದೆ.

ಗ್ವಾರ್ದಾದೊ ಮಾಡಿದ್ದು ಸರಿಯೇ? ಎರಡು ಬಗೆಯ ಉತ್ತರಗಳಿಗೆ ಇಲ್ಲಿ ಅವಕಾಶವಿದೆ. ತೀರ್ಪು ಕೊಡುವುದು ರೆಫರಿಯ ಕೆಲಸ, ಆಡುವುದು ಆಟಗಾರನ ಕೆಲಸ. ತನಗನಿಸಿದಂತೆ ನ್ಯಾಯ ಹಂಚಲು ಹೊರಟರೆ ಜೊತೆಗಿರುವ ಹತ್ತು ಮಂದಿಗೆ ದ್ರೋಹವಾಗುತ್ತದೆ ಎಂಬುದು ಒಂದು ವಾದ. ತಪ್ಪೆಂದು ಮನಸ್ಸಿಗೆ ಗೊತ್ತಿದ್ದೂ ಅದರ ಫಲ ಉಂಡರೆ ತಪ್ಪಿನಲ್ಲಿ ಪಾಲು ಬರುತ್ತದೆ ಎಂಬುದು ಇನ್ನೊಂದು. ಗಮನಿಸಬೇಕಾದ ಸಂಗತಿ ಎಂದರೆ, ಅಂದು ಆ ಚೆಂಡಿನ ಮುಂದೆ ನಿಂತಿದ್ದವನು ಐದು ವರ್ಷಗಳ ಹಿಂದೆ ಜೊಹಾನ್ಸ್‌ಬರ್ಗ್‌ನಲ್ಲಿ, ಒಂದು ವರ್ಷದ ಹಿಂದೆ ಫೋರ್ಟಲೇಸಾದಲ್ಲಿ ಸೀಟಿಯ ಪೆಟ್ಟು ತಿಂದವನು. ಪನಾಮದವರ ನೋವು ಏನೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ ಹೊಡೆದರು; ಹೊಡೆದದ್ದನ್ನು ಸಮರ್ಥಿಸಿಕೊಳ್ಳುವಾಗ ಮನಸ್ಸಿನ ತೊಳಲಾಟವನ್ನು ಮುಚ್ಚಿಡಲಿಲ್ಲ.

ಸೆವಿಲ್ಲಾದ ಹಸಿರು ಪಟ್ಟೆ

2017ರಲ್ಲಿ ಗ್ವಾರ್ದಾದೊ ಸ್ಪೇನ್‌ಗೆ ಮರಳಿದರು. ಈ ಬಾರಿ ಸೆವಿಲ್ಲಾ ನಗರದ ರಿಯಲ್ ಬೆಟಿಸ್. 'ಸೋತರೂ ಸರಿ, ಬೆಟಿಸ್‌ಗೆ ಜಯವಾಗಲಿ' ಎಂಬರ್ಥದ ಘೋಷಣೆಯನ್ನು ತಲೆಮಾರುಗಳಿಂದ ಕೂಗುತ್ತ ಬಂದ ಅಭಿಮಾನಿಗಳ ಕ್ಲಬ್ ಅದು. ಅಟ್ಲಾಸ್‌ನಲ್ಲಿ ಬೆಳೆದವರಿಗೆ ಈ ಮನೋಧರ್ಮ ಹೊಸದಲ್ಲ. ಚೆಂಡನ್ನು ತಮ್ಮಲ್ಲೇ ಉಳಿಸಿಕೊಂಡು ಆಡುವ ಕೋಚ್ ಕಿಕೆ ಸೆಟಿಯನ್ ಅವರ ಪದ್ಧತಿಗೆ ಗ್ವಾರ್ದಾದೊ ಹೇಳಿ ಮಾಡಿಸಿದಂತಿದ್ದರು. ಮುಂದೆ ಮ್ಯಾನುಯೆಲ್ ಪೆಲೆಗ್ರಿನಿ ಕಾಲದಲ್ಲಿ ವಯಸ್ಸಿಗನುಗುಣವಾಗಿ ಆಡುವ ನಿಮಿಷಗಳು ಕಡಿಮೆಯಾದರೂ ತಂಡದಲ್ಲಿ ಅವರ ಮಾತಿಗೆ ತೂಕವಿತ್ತು.

2022ರ ಏಪ್ರಿಲ್ 23ರಂದು ಸೆವಿಲ್ಲಾದ ಲಾ ಕಾರ್ತುಹಾ ಕ್ರೀಡಾಂಗಣದಲ್ಲಿ ಕೋಪಾ ಡೆಲ್ ರೇ ಫೈನಲ್ ನಡೆಯಿತು. ಎದುರಾಳಿ, ಹಿಂದೊಮ್ಮೆ ಅವರನ್ನು ಮೂಲೆಗೊತ್ತಿದ್ದ ವೆಲೆನ್ಸಿಯಾ. ಪಂದ್ಯ 1-1ರಿಂದ ಸಮವಾಗಿ ಶೂಟೌಟ್‌ಗೆ ಹೋಯಿತು. ಬದಲಿ ಆಟಗಾರನಾಗಿ ಬಂದಿದ್ದ ಗ್ವಾರ್ದಾದೊ ತಮ್ಮ ಪಾಲಿನ ಪೆನಾಲ್ಟಿಯನ್ನು ಗೋಲಾಗಿಸಿದರು. ಬೆಟಿಸ್ 5-4ರಿಂದ ಗೆದ್ದಿತು. 1977 ಮತ್ತು 2005ರ ಬಳಿಕ ಕ್ಲಬ್‌ಗೆ ಅದು ಮೂರನೇ ಕಪ್. ಮೂವತ್ತೈದರ ಗ್ವಾರ್ದಾದೊಗೆ ಸ್ಪೇನ್‌ನ ಉನ್ನತ ದರ್ಜೆಯಲ್ಲಿ ದೊರೆತ ಮೊದಲ ದೊಡ್ಡ ಪ್ರಶಸ್ತಿ.

ಮಾಸ್ಕೊದಿಂದ ಲುಸೈಲ್‌ಗೆ

ರಾಷ್ಟ್ರೀಯ ತಂಡದಲ್ಲಿ ನಡುವೆ ಕಹಿಯೂ ಇತ್ತು. 2016ರ ಜೂನ್‌ನಲ್ಲಿ ಕೋಪಾ ಅಮೆರಿಕದ ಶತಮಾನೋತ್ಸವ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಚಿಲಿ 7-0ರಿಂದ ಮೆಕ್ಸಿಕೊವನ್ನು ಹೊಸಕಿಹಾಕಿತು. ಎರಡು ವರ್ಷಗಳ ಬಳಿಕ, 2018ರ ಜೂನ್ 17ರಂದು ಮಾಸ್ಕೊದಲ್ಲಿ ಅದೇ ಕೋಚ್ ಹುವಾನ್ ಕಾರ್ಲೋಸ್ ಒಸೋರಿಯೊ ಅವರ ತಂಡ, ಗ್ವಾರ್ದಾದೊ ನಾಯಕತ್ವದಲ್ಲಿ, ಹಾಲಿ ಚಾಂಪಿಯನ್ ಜರ್ಮನಿಯನ್ನು 1-0ರಿಂದ ಸೋಲಿಸಿತು. ಗೋಲು ಹಿರ್ವಿಂಗ್ ಲೊಸಾನೊ ಅವರದು. ದ್ವಿತೀಯಾರ್ಧದಲ್ಲಿ ಗ್ವಾರ್ದಾದೊ ಅವರ ಜಾಗಕ್ಕೆ ರಫೇಲ್ ಮಾರ್ಕೆಸ್ ಬಂದರು. ಆ ಹೆಜ್ಜೆಯೊಂದಿಗೆ ಮಾರ್ಕೆಸ್ ಐದನೇ ವಿಶ್ವಕಪ್ ಆಡಿದವರ ಸಾಲಿಗೆ ಸೇರಿದರು. 1950ರಿಂದ 1966ರವರೆಗೆ ಐದು ವಿಶ್ವಕಪ್ ಆಡಿದ ಗೋಲ್‌ಕೀಪರ್ ಆಂಟೊನಿಯೊ ಕಾರ್ಬಹಾಲ್ ಬಳಿಕ ಈ ಸಾಧನೆ ಮಾಡಿದ ಎರಡನೇ ಮೆಕ್ಸಿಕನ್ ಅವರು.

ಗೆಲುವಿನ ಅಮಲು ಹೆಚ್ಚು ದಿನ ಉಳಿಯಲಿಲ್ಲ. ಗುಂಪಿನ ಕೊನೆಯ ಪಂದ್ಯದಲ್ಲಿ ಸ್ವೀಡನ್ 3-0ರಿಂದ ಗೆದ್ದಿತು. ಜುಲೈ 2ರಂದು ಸಮಾರಾದಲ್ಲಿ ಬ್ರೆಜಿಲ್ 2-0ರಿಂದ ಬಾಗಿಲು ಮುಚ್ಚಿತು. ಈ ಸಲ ದೂರಲು ರೆಫರಿಯೂ ಇರಲಿಲ್ಲ. ತೀರ್ಪು ಪರಿಶೀಲನೆಗೆ ವಿಡಿಯೊ ವ್ಯವಸ್ಥೆಯೇ ಆ ವಿಶ್ವಕಪ್‌ನಲ್ಲಿ ಜಾರಿಗೆ ಬಂದಿತ್ತು. ಎದುರಾಳಿ ತಂಡ ಮೇಲಾಗಿತ್ತು, ಅಷ್ಟೇ.

2019ರಲ್ಲಿ ಮತ್ತೊಂದು ಗೋಲ್ಡ್ ಕಪ್ ಬಂತು. 2011ರ ಫೈನಲ್‌ನಲ್ಲಿ ಅಮೆರಿಕದ ವಿರುದ್ಧ ಮೆಕ್ಸಿಕೊ 0-2ರ ಹಿನ್ನಡೆಯಿಂದ ಎದ್ದು 4-2ರಿಂದ ಗೆದ್ದಾಗ ಸಮಬಲದ ಗೋಲು ಹೊಡೆದಿದ್ದವರೂ ಗ್ವಾರ್ದಾದೊ. 2015ರದ್ದೂ ಸೇರಿ ಒಟ್ಟು ಮೂರು ಗೋಲ್ಡ್ ಕಪ್‌ಗಳು ಅವರ ಪಾಲಿಗಿವೆ.

2022ರ ನವೆಂಬರ್ 26ರಂದು ಕತಾರ್‌ನ ಲುಸೈಲ್‌ನಲ್ಲಿ ಗ್ವಾರ್ದಾದೊ ತಮ್ಮ ಐದನೇ ವಿಶ್ವಕಪ್‌ನ ಅಂಗಳಕ್ಕಿಳಿದರು. ಎದುರಾಳಿ, ಲೈಪ್‌ಜಿಗ್‌ನಲ್ಲಿ ಅವರ ಮೊದಲ ವಿಶ್ವಕಪ್ ಪಂದ್ಯದಲ್ಲಿ ಎದುರಾಗಿದ್ದ ಅದೇ ಅರ್ಜೆಂಟೀನಾ. ಮೂವತ್ತಾರರ ನಾಯಕ ಆಡಿದ್ದು 42 ನಿಮಿಷ. ಗಾಯದಿಂದಾಗಿ ಎರಿಕ್ ಗುಟಿಯೆರೆಸ್‌ಗೆ ಜಾಗ ಬಿಟ್ಟುಕೊಟ್ಟರು. ದ್ವಿತೀಯಾರ್ಧದಲ್ಲಿ ಮೆಸ್ಸಿ ಮತ್ತು ಎನ್ಸೊ ಫೆರ್ನಾಂಡೆಸ್ ಗೋಲುಗಳಿಂದ ಮೆಕ್ಸಿಕೊ ಸೋತಿತು. ಕೊನೆಯ ಪಂದ್ಯದಲ್ಲಿ ಸೌದಿ ಅರೇಬಿಯಾವನ್ನು 2-1ರಿಂದ ಮಣಿಸಿದರೂ ಗೋಲಿನ ಅಂತರದಲ್ಲಿ ಹಿಂದೆಬಿದ್ದು ಗುಂಪಿನ ಹಂತದಲ್ಲೇ ಹೊರಬಿತ್ತು. 1978ರ ಬಳಿಕ, ಆಡಿದ ವಿಶ್ವಕಪ್‌ಗಳಲ್ಲಿ ಮೆಕ್ಸಿಕೊ ಹೀಗೆ ಮೊದಲ ಹಂತ ದಾಟದೆ ಹೋದದ್ದು ಅದೇ ಮೊದಲು. ಐದನೇ ಪಂದ್ಯವಿರಲಿ, ನಾಲ್ಕನೆಯದೂ ಸಿಗಲಿಲ್ಲ.

ವಿದಾಯ

2023ರ ಫೆಬ್ರುವರಿಯಲ್ಲಿ ಗ್ವಾರ್ದಾದೊ ರಾಷ್ಟ್ರೀಯ ತಂಡದಿಂದ ನಿವೃತ್ತಿ ಘೋಷಿಸಿದರು. ರಕ್ಷಣಾ ಆಟಗಾರ ಕ್ಲಾಡಿಯೊ ಸುವಾರೆಜ್ ಹೆಸರಿನಲ್ಲಿದ್ದ ಅತಿ ಹೆಚ್ಚು ಪಂದ್ಯಗಳ ದಾಖಲೆಯನ್ನು ಅಷ್ಟರಲ್ಲಾಗಲೇ ಮುರಿದಿದ್ದರು. 2024ರ ಜನವರಿಯಲ್ಲಿ ಬೆಟಿಸ್ ತೊರೆದು, ಹದಿನಾರೂವರೆ ವರ್ಷಗಳ ಯೂರೋಪ್ ವಾಸ ಮುಗಿಸಿ ತಾಯ್ನಾಡಿಗೆ ಬಂದರು. ಸೇರಿದ್ದು ಲೆಯೋನ್ ಕ್ಲಬ್. ಅವರು ಬೆಳೆದ ಅಟ್ಲಾಸ್ ಎಪ್ಪತ್ತು ವರ್ಷಗಳ ಬರವನ್ನು 2021ರ ಡಿಸೆಂಬರ್‌ನಲ್ಲಿ ನೀಗಿಸಿಕೊಂಡಿತ್ತು, ಅವರಿಲ್ಲದೆಯೇ.

2024ರ ಅಕ್ಟೋಬರ್ 15ರಂದು ಹುಟ್ಟೂರು ಗ್ವಾದಲಹಾರಾದಲ್ಲಿ ಅಮೆರಿಕದ ವಿರುದ್ಧದ ಪಂದ್ಯ ಅವರ ಬೀಳ್ಕೊಡುಗೆಯ ವೇದಿಕೆಯಾಯಿತು. ನಾಯಕನಾಗಿ ಇಳಿದ ಗ್ವಾರ್ದಾದೊ ಮೊದಲಾರ್ಧದಲ್ಲೇ ಚಪ್ಪಾಳೆಗಳ ನಡುವೆ ಹೊರನಡೆದರು. ಮೆಕ್ಸಿಕೊ 2-0ರಿಂದ ಗೆದ್ದಿತು. ಅಂಚಿನಲ್ಲಿ ಕೋಚ್ ಆಗಿ ನಿಂತಿದ್ದವರು ಮತ್ತೆ ಹವಿಯರ್ ಅಗಿರೆ. ಮೆಕ್ಸಿಕೊದ ಐದನೇ ಪಂದ್ಯವನ್ನು ಆಡಿದ್ದ ಮಿಡ್‌ಫೀಲ್ಡರ್, ಅದನ್ನು ಅರಸುತ್ತಲೇ ಬದುಕು ಸವೆಸಿದ ಮಿಡ್‌ಫೀಲ್ಡರ್‌ನನ್ನು ಬೀಳ್ಕೊಟ್ಟರು.

ಇನ್ನೊಂದು ದೊಡ್ಡ ವೇದಿಕೆ ಬಾಕಿಯಿತ್ತು. 2025ರಲ್ಲಿ ಅಮೆರಿಕದಲ್ಲಿ 32 ತಂಡಗಳ ಕ್ಲಬ್ ವಿಶ್ವಕಪ್ ನಡೆಯಲಿತ್ತು. 2023ರಲ್ಲಿ ವಲಯದ ಚಾಂಪಿಯನ್ ಆಗಿದ್ದ ಲೆಯೋನ್ ಅದಕ್ಕೆ ಅರ್ಹತೆ ಪಡೆದಿತ್ತು. ಆದರೆ ಅರ್ಹತೆ ಪಡೆದಿದ್ದ ಇನ್ನೊಂದು ಕ್ಲಬ್ ಪಚೂಕಾ ಕೂಡ ಅದೇ ಮಾಲೀಕರದು. ಒಂದೇ ಒಡೆತನದ ಎರಡು ತಂಡಗಳು ಆಡುವಂತಿಲ್ಲವೆಂದು ಫಿಫಾ ಮಾರ್ಚ್‌ನಲ್ಲಿ ಲೆಯೋನ್ ತಂಡವನ್ನು ಕೈಬಿಟ್ಟಿತು. ಕ್ರೀಡಾ ನ್ಯಾಯಮಂಡಳಿ ಮೇ ತಿಂಗಳಲ್ಲಿ ಮೇಲ್ಮನವಿಯನ್ನು ತಳ್ಳಿಹಾಕಿತು. ಅದೇ ತಿಂಗಳು ಲೆಯೋನ್‌ನ ಲೀಗ್ ಹೋರಾಟವೂ ಮುಗಿಯಿತು. ಗ್ವಾರ್ದಾದೊ ಆಟಕ್ಕೆ ಪೂರ್ಣವಿರಾಮ ಹಾಕಿದರು.

ತೂಕದ ಮಾತು

2026ರಿಂದ ವಿಶ್ವಕಪ್‌ನಲ್ಲಿ 48 ತಂಡಗಳು. ಗುಂಪಿನ ಹಂತದ ಬಳಿಕ 32 ತಂಡಗಳ ಘಟ್ಟವೊಂದು ಸೇರಿಕೊಂಡಿರುವುದರಿಂದ ಪ್ರೀಕ್ವಾರ್ಟರ್ ಫೈನಲ್ ಈಗ ಐದನೇ ಪಂದ್ಯ, ಕ್ವಾರ್ಟರ್ ಫೈನಲ್ ಆರನೆಯದು. ಒಂದು ದೇಶ ಮೂರು ದಶಕ ಜಪಿಸಿದ ಅಂಕಿಯ ಅರ್ಥವೇ ನಿಯಮದ ಒಂದು ತಿದ್ದುಪಡಿಯಿಂದ ಬದಲಾಗಿಬಿಟ್ಟಿದೆ. ಒಬ್ಬ ಆಟಗಾರನ ಬದುಕನ್ನು ಅಂಥ ಅಂಕಿಯಿಂದ ಅಳೆಯುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ಈ ಬದಲಾವಣೆಯೇ ಎತ್ತುತ್ತದೆ.

ಗ್ವಾರ್ದಾದೊಗೆ ಐದನೇ ಪಂದ್ಯವನ್ನು ತಪ್ಪಿಸಿದ್ದು ಒಮ್ಮೆ ಎದುರಾಳಿಯ ಅಪರೂಪದ ಹೊಡೆತ, ಒಮ್ಮೆ ಲೈನ್ಸ್‌ಮನ್‌ನ ಕಣ್ತಪ್ಪು, ಒಮ್ಮೆ ಕೊನೆಯ ಗಳಿಗೆಯ ಸೀಟಿ, ಒಮ್ಮೆ ಎದುರಾಳಿಯ ಸ್ಪಷ್ಟ ಮೇಲುಗೈ. ಇವುಗಳಲ್ಲಿ ಯಾವುದೂ ಎಡಗಾಲಿನ ಒಬ್ಬ ಮಿಡ್‌ಫೀಲ್ಡರ್‌ನ ಕೈಯಲ್ಲಿರಲಿಲ್ಲ. ಹಾಗೆಂದು ವಿಧಿ ಅವರಿಗೆ ಸದಾ ಮುನಿದಿತ್ತೆಂದೂ ಹೇಳಲಾಗದು. ಅಟ್ಲಾಂಟಾದಲ್ಲಿ ಅದೇ ಸೀಟಿ ಅವರ ಪರವಾಗಿ ಊದಿತು, ಪನಾಮ ಬೆಲೆ ತೆತ್ತಿತು. ಅವರ ಕೈಯಲ್ಲಿದ್ದದ್ದು ಬೇರೆ. ಕ್ಲಬ್ ಕುಸಿದಾಗ ಉಳಿದು ಎತ್ತುವುದು, ಜಾಗ ಕಸಿದಾಗ ಇನ್ನೊಂದು ಜಾಗದ ಆಟವನ್ನು ಮೊದಲಿನಿಂದ ಕಲಿಯುವುದು, ಕರೆದಾಗಲೆಲ್ಲ ದೇಶಕ್ಕಾಗಿ ಹತ್ತೊಂಬತ್ತು ವರ್ಷ ಅಂಗಳಕ್ಕಿಳಿಯುವುದು. ಅವಷ್ಟನ್ನೂ ಅವರು ಮಾಡಿದರು.

ವೃತ್ತಿ ನೋಟ

ಪೂರ್ಣ ಹೆಸರು: ಹೊಸೆ ಆಂಡ್ರೆಸ್ ಗ್ವಾರ್ದಾದೊ ಹೆರ್ನಾಂಡೆಸ್
ಜನನ: 28 ಸೆಪ್ಟೆಂಬರ್ 1986, ಗ್ವಾದಲಹಾರಾ, ಮೆಕ್ಸಿಕೊ
ಆಟದ ಜಾಗ: ಎಡ ವಿಂಗರ್, ಎಡ ರಕ್ಷಣೆ, ನಡುವಣ ಮಿಡ್‌ಫೀಲ್ಡರ್
ಕ್ಲಬ್‌ಗಳು: ಅಟ್ಲಾಸ್ (2005-07), ಡೆಪೋರ್ಟಿವೊ ಲಾ ಕೊರೂನಾ (2007-12), ವೆಲೆನ್ಸಿಯಾ (2012-15), ಬೇಯರ್ ಲೆವರ್‌ಕುಸೆನ್ (2014, ಎರವಲು), ಪಿಎಸ್‌ವಿ ಐಂಡ್‌ಹೋವನ್ (2014-17, ಮೊದಲ ವರ್ಷ ಎರವಲು), ರಿಯಲ್ ಬೆಟಿಸ್ (2017-24), ಲೆಯೋನ್ (2024-25)
ವಿಶ್ವಕಪ್: 2006, 2010, 2014, 2018, 2022
ಮುಖ್ಯ ಪ್ರಶಸ್ತಿಗಳು: ಗೋಲ್ಡ್ ಕಪ್ (2011, 2015, 2019), ಡಚ್ ಲೀಗ್ (2014-15, 2015-16), ಸ್ಪೇನ್ ಎರಡನೇ ದರ್ಜೆ ಲೀಗ್ (2011-12), ಕೋಪಾ ಡೆಲ್ ರೇ (2021-22)